ಜ್ವರವಿಲ್ಲದವರ ಮಲೇರಿಯಾ: ರೋಗಾಣು ಮಲಗಿಲ್ಲ, ಗಡಿಯಾರ ಬೇರೆ

ಓದುಗರ ಪತ್ರ: ಮುಂಬೈಯಲ್ಲಿ ಕಟ್ಟಡ ಕೆಲಸ ಮುಗಿಸಿ ಊರಿಗೆ ಮರಳಿದ ಅಣ್ಣ ತಮ್ಮಂದಿರಿಬ್ಬರ ರಕ್ತ ಪರೀಕ್ಷೆ ಆಯಿತು. ಇಬ್ಬರಲ್ಲೂ ಫಾಲ್ಸಿಪಾರಂ ಮಲೇರಿಯಾ. ತಮ್ಮ ಕೌದಿ ಹೊದ್ದು ಗಡಗಡ ನಡುಗುತ್ತಿದ್ದ. ಅಣ್ಣ ತೊಗರಿ ರಾಶಿ ಮಾಡಿ ಬಂದು ಮೂರು ರೊಟ್ಟಿ ಉಂಡಿದ್ದ. ಲಕ್ಷಣ ಇಲ್ಲದವರಲ್ಲಿ ರೋಗಾಣುವಿನ ಜೀನ್‌ಗಳು ಬೇರೆ ರೀತಿ ಕೆಲಸ ಮಾಡುತ್ತವೆ ಎಂದು ಎಲ್ಲೋ ಓದಿದೆ. ಹಾಗಾದರೆ ಅಣ್ಣನ ಮೈಯಲ್ಲಿ ಅದು ಮಲಗಿದೆಯೇ? ಮಲಗಿದ್ದನ್ನು ಗುಳಿಗೆ ಕೊಟ್ಟು ಎಬ್ಬಿಸುವುದು ಯಾಕೆ? — ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಸಂಪಾದಕರ ಉತ್ತರ: ಗುಳಿಗೆಯ ಮಾತು ಮೊದಲು ಮುಗಿಸೋಣ. ತಮ್ಮನಿಗೆ ಎಷ್ಟೋ ಅಣ್ಣನಿಗೂ ಅಷ್ಟೇ ಔಷಧ, ಅಷ್ಟೇ ದಿನ. ಫಾಲ್ಸಿಪಾರಂ ಖಚಿತವಾದರೆ ನಮ್ಮ ಕಡೆ ಕೊಡುವುದು ಮೂರು ದಿನ ಆರ್ಟಿಸುನೇಟ್, ಮೊದಲ ದಿನ ಅದರ ಜೊತೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್, ಎರಡನೇ ದಿನ ಒಂದೇ ಸಲಕ್ಕೆ ಪ್ರಿಮಾಕ್ವಿನ್, ಕಿಲೋ ತೂಕಕ್ಕೆ 0.75 ಮಿಲಿಗ್ರಾಂ ಲೆಕ್ಕದಲ್ಲಿ. ಗರ್ಭಿಣಿಯರಿಗೂ ಕೂಸುಗಳಿಗೂ ಪ್ರಿಮಾಕ್ವಿನ್ ಇಲ್ಲ. ಅವರ ಚಿಕಿತ್ಸೆ ವೈದ್ಯರೇ ತೀರ್ಮಾನಿಸಬೇಕು. ಮೊದಲ ದಿನದ ಗುಳಿಗೆ ನುಂಗಿ ಉಳಿದದ್ದನ್ನು ಮಾಡದಲ್ಲಿ ಇಟ್ಟು ಮರೆಯುವವರು ಸಾಮಾನ್ಯವಾಗಿ ಅಣ್ಣನಂಥವರೇ. ನಡುಗುವವನಿಗೆ ಗುಳಿಗೆ ನೆನಪಿಸಬೇಕಾಗಿಲ್ಲ.

ಇನ್ನು ನಿದ್ದೆಯ ಮಾತು. ಮಲಗುವ ಮಲೇರಿಯಾ ನಿಜಕ್ಕೂ ಒಂದಿದೆ, ಅದು ವೈವ್ಯಾಕ್ಸ್. ಅದರ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ಹಿಪ್ನೋಜೊಯಿಟ್ ಎಂಬ ರೂಪದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದು ಮತ್ತೆ ಏಳುತ್ತವೆ. ಆ ನಿದ್ದೆಯಲ್ಲೇ ಕೊಲ್ಲಲು 14 ದಿನದ ಪ್ರಿಮಾಕ್ವಿನ್, ದಿನಕ್ಕೆ ಕಿಲೋಗೆ 0.25 ಮಿಲಿಗ್ರಾಂ. ಜಿ-ಸಿಕ್ಸ್-ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಇದು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಫಾಲ್ಸಿಪಾರಂಗೆ ಯಕೃತ್ತಿನ ಈ ನಿದ್ದೆ ಇಲ್ಲ. ಅಣ್ಣನ ರಕ್ತದಲ್ಲಿರುವುದು ಪೂರ್ತಿ ಎಚ್ಚರವಿದೆ, 48 ಗಂಟೆಗೊಮ್ಮೆ ಕಣ ಒಡೆದು ಹೊಸ ಕಣ ಹೊಗುತ್ತಿದೆ.

ಎಷ್ಟಿದೆ ಎಂಬುದನ್ನೂ ನೋಡಿ. ಗಾಜಿನ ಮೇಲೆ ಹಚ್ಚಿದ ದಪ್ಪ ರಕ್ತಲೇಪನದಲ್ಲಿ 200 ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಒಂದು ರೋಗಾಣು ಸಿಕ್ಕಿತು ಅನ್ನಿ. ಮೈಕ್ರೊಲೀಟರ್‌ಗೆ 8000 ಬಿಳಿಕಣ ಎಂಬ ರೂಢಿಯ ಲೆಕ್ಕದಲ್ಲಿ ಅದು 40 ಆಯಿತು. ಐದು ಲೀಟರ್ ರಕ್ತಕ್ಕೆ ಗುಣಿಸಿದರೆ 20 ಕೋಟಿ. ಮೂರು ರೊಟ್ಟಿ ಉಂಡ ಮನುಷ್ಯನ ಮೈಯಲ್ಲಿ!

ಜೀನ್‌ಗಳ ವಿಷಯ ಇಲ್ಲಿಂದ ಶುರು. ಫಾಲ್ಸಿಪಾರಂ ರೋಗಾಣುವಿಗೆ 14 ಕ್ರೋಮೋಸೋಮ್‌ಗಳಲ್ಲಿ ಸುಮಾರು 5300 ಜೀನ್‌ಗಳಿವೆ. 2002ರಲ್ಲಿ ಇಡೀ ಪಟ್ಟಿ ಓದಿಯಾಯಿತು. ಅವುಗಳಲ್ಲಿ ಸುಮಾರು 60 'ವಾರ್' ಜೀನ್‌ಗಳು. ಒಂದು ರೋಗಾಣು ಒಂದು ಹೊತ್ತಿಗೆ ಈ 60ರಲ್ಲಿ ಒಂದನ್ನು ಮಾತ್ರ ಓದುತ್ತದೆ, ಉಳಿದವುಗಳ ಬಾಯಿ ಕಟ್ಟಿರುತ್ತದೆ. ಓದಿದ ಜೀನ್‌ನಿಂದ ತಯಾರಾದ ಪ್ರೋಟೀನ್ ಕೆಂಪು ಕಣದ ಹೊರಮೈಯ ಗಂಟುಗಳ ಮೇಲೆ ಕೂತು ರಕ್ತನಾಳದ ಒಳಗೋಡೆಯನ್ನು ಹಿಡಿಯುತ್ತದೆ. ಯಾಕೆ ಹಿಡಿಯಬೇಕು? ತೇಲುತ್ತಾ ಹೋದರೆ ರಕ್ತ ಸೋಸುವ ಗುಲ್ಮದ ಜರಡಿಯಲ್ಲಿ ಬಿಗಿಯಾದ ಕಣ ಸಿಕ್ಕಿಬಿದ್ದು ಸಾಯುತ್ತದೆ. ಗೋಡೆ ಹಿಡಿಯುವ ಈ ಪ್ರೋಟೀನ್ ಯಾವ ಕೊಕ್ಕೆ ಎಂಬುದರ ಮೇಲೆ ರೋಗದ ತೀವ್ರತೆಯೂ ನಿಲ್ಲುತ್ತದೆ. 'ಎ' ಗುಂಪಿನ ಕೆಲವು ವಾರ್ ಜೀನ್‌ಗಳ ಪ್ರೋಟೀನ್ ನಾಳದ ಗೋಡೆಯ ಇಪಿಸಿಆರ್ ಎಂಬ ಗ್ರಾಹಕ ಪ್ರೋಟೀನನ್ನು ಹಿಡಿದು ಮೆದುಳಿನ ಸಣ್ಣ ನಾಳಗಳಲ್ಲೂ ನಿಲ್ಲಬಲ್ಲದು. ತೀವ್ರ ಮಲೇರಿಯಾದ ರೋಗಿಗಳಲ್ಲಿ ಈ ಗುಂಪು ಹೆಚ್ಚು ಕಾಣುತ್ತದೆ. 'ಸಿ' ಗುಂಪಿನವು ಸಿಡಿ-36 ಎಂಬ ಇನ್ನೊಂದು ಗ್ರಾಹಕವನ್ನು ಹಿಡಿಯುವಂಥವು, ಸೌಮ್ಯ ಸೋಂಕಿನ ಜೊತೆ ಹೆಚ್ಚು ಹೊಂದುತ್ತವೆ. ಹಿಂದೆ ಮಲೇರಿಯಾ ಕಂಡವರ ಮೈಯಲ್ಲಿ ಕೆಲವು ಕೊಕ್ಕೆಗಳಿಗೆ ಪ್ರತಿಕಾಯ ತಯಾರಿರುತ್ತದೆ. ಆ ಕೊಕ್ಕೆಯ ರೋಗಾಣು ಅಳಿದು, ಬೇರೆ ಕೊಕ್ಕೆಯದು ಸಣ್ಣ ಸಂಖ್ಯೆಯಲ್ಲಿ ಉಳಿಯುತ್ತದೆ.

ಇಷ್ಟು ಓದಿ 'ಅಣ್ಣನಲ್ಲಿ ಸಾಧು ಜೀನ್, ತಮ್ಮನಲ್ಲಿ ಪುಂಡ ಜೀನ್' ಎಂದು ಮುಗಿಸಿಬಿಡಬೇಡಿ. ನೀವು ಓದಿದಂಥ ವರದಿಗಳು ಎಡವುವ ಜಾಗ ಇಲ್ಲೇ ಇದೆ.

ಜ್ವರ ಏರುವುದು ಕಣಗಳು ಒಡೆದಾಗ. ತಮ್ಮ ನಡುಗಿ ಆಸ್ಪತ್ರೆಗೆ ಬಂದ ಹೊತ್ತಿಗೆ ಅವನ ರಕ್ತದಲ್ಲಿ ಈಗಷ್ಟೇ ಹೊಸ ಕಣ ಹೊಕ್ಕ ಉಂಗುರದಂತೆ ಕಾಣುವ ಎಳೆ ರೋಗಾಣುಗಳೇ ಹೆಚ್ಚು. ಅಣ್ಣನ ರಕ್ತ ತೆಗೆದದ್ದು ನಮ್ಮ ಅನುಕೂಲದ ಹೊತ್ತಿನಲ್ಲಿ, ರೋಗಾಣುವಿನ ಯಾವ ಗಂಟೆಯೋ ಏನೋ. ರೋಗಾಣುವಿನ ಹೆಚ್ಚಿನ ಜೀನ್‌ಗಳು 48 ಗಂಟೆಯ ಚಕ್ರದಲ್ಲಿ ಪಾಳಿಯ ಮೇಲೆ ಏರಿಳಿಯುತ್ತವೆ. ವಾರ್ ಜೀನ್‌ನ ಆರ್‌ಎನ್‌ಎ, ಅಂದರೆ ಜೀನ್ ಓದಿದಾಗ ತಯಾರಾಗುವ ನಕಲು, ಈ ಎಳೆಯ ಉಂಗುರ ಹಂತದಲ್ಲೇ ಏರಿ, 20 ಗಂಟೆ ದಾಟಿದ ಮೇಲೆ ಇಳಿಯುತ್ತದೆ. ಪ್ರೋಟೀನ್ ಮಾತ್ರ ಆಗಲೇ ಹೊರಗೆ ಬಂದು ಕೆಲಸಕ್ಕೆ ನಿಂತಿರುತ್ತದೆ. ಈಗ 10 ಗಂಟೆಯ ರೋಗಾಣುವನ್ನು 24 ಗಂಟೆಯ ರೋಗಾಣುವಿನ ಪಕ್ಕ ಇಟ್ಟರೆ ಎರಡನೆಯದರಲ್ಲಿ ವಾರ್ ಆರ್‌ಎನ್‌ಎ ಕಡಿಮೆ ಕಂಡೇ ಕಾಣುತ್ತದೆ. ಒಂದು ಮನೆಯನ್ನು ಮುಂಜಾನೆ ಎಂಟಕ್ಕೂ ಇನ್ನೊಂದನ್ನು ರಾತ್ರಿ ಹನ್ನೊಂದಕ್ಕೂ ಹೊಕ್ಕು ನೋಡಿ, ಎರಡನೇ ಮನೆಯವರು ಒಲೆಯನ್ನೇ ಹಚ್ಚುವುದಿಲ್ಲ ಎಂದು ಬರೆದಂತೆ. ಅದಕ್ಕೇ ಪ್ರತಿ ಮಾದರಿಯ ಆರ್‌ಎನ್‌ಎಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗಂಟೆಗಂಟೆಗೆ ಅಳೆದಿಟ್ಟ ಪಟ್ಟಿಯೊಂದಿಗೆ ತಾಳೆ ಹಾಕಿ, ರೋಗಾಣುವಿನ ವಯಸ್ಸು ಎಷ್ಟು ಗಂಟೆ ಎಂದು ಮೊದಲು ಅಂದಾಜಿಸಬೇಕು. ವಯಸ್ಸಿನ ಲೆಕ್ಕ ಕಳೆದ ಮೇಲೂ ಉಳಿಯುವ ವ್ಯತ್ಯಾಸ ಮಾತ್ರ ವ್ಯತ್ಯಾಸ. ಈ ತಾಳೆ ಹಾಕದ ಜೀನ್ ಪಟ್ಟಿ ಎಷ್ಟು ಉದ್ದವಿದ್ದರೂ ನಮ್ಮ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ವಯಸ್ಸಿನ ಅಂತರ ಬರೀ ಅಡ್ಡಿಯಲ್ಲ, ಕೆಲವೊಮ್ಮೆ ಅದೇ ಉತ್ತರ. ಆಫ್ರಿಕಾದ ಮಾಲಿ ದೇಶದಲ್ಲಿ ವರ್ಷದ ಅರ್ಧ ಭಾಗ ಮಳೆಯೂ ಇಲ್ಲ, ಸೊಳ್ಳೆಯೂ ಇಲ್ಲದಷ್ಟು ಕಡಿಮೆ. ಅಲ್ಲಿ ಬೇಸಿಗೆಯಲ್ಲಿ ಲಕ್ಷಣವಿಲ್ಲದೆ ರೋಗಾಣು ಹೊತ್ತವರನ್ನು ಮಳೆಗಾಲದ ರೋಗಿಗಳ ಜೊತೆ ಹೋಲಿಸಿದ ಅಧ್ಯಯನ 2020ರಲ್ಲಿ ಬಂತು. ಬೇಸಿಗೆಯವರ ರಕ್ತದಲ್ಲಿ ಹೆಚ್ಚು ವಯಸ್ಸಾದ ರೋಗಾಣುಗಳು ತೇಲುತ್ತಿದ್ದವು. ಅಂದರೆ ಗೋಡೆ ಹಿಡಿಯಬೇಕಾದ ಹೊತ್ತು ಬಂದರೂ ಬೇಗ ಹಿಡಿದಿರಲಿಲ್ಲ. ತೇಲುವುದನ್ನು ಗುಲ್ಮ ಹಿಡಿದು ತೆಗೆಯುತ್ತಾ ಹೋಗುತ್ತದೆ, ಸಂಖ್ಯೆ ಏರುವುದಿಲ್ಲ, ಜ್ವರದ ಮಟ್ಟ ಮುಟ್ಟುವುದಿಲ್ಲ, ಆದರೆ ಪೂರ್ತಿ ಅಳಿಯುವುದೂ ಇಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಮುಚ್ಚಿ ಮುಂದಿನ ಮಳೆಯವರೆಗೆ ಕಾಯುತ್ತಿದ್ದಂತೆ ಈ ರೋಗಾಣು ಮನುಷ್ಯನಲ್ಲಿ ಕಾಯುತ್ತದೆ. ಹಗೇವಿನ ಕಾಳು ಸುಮ್ಮನೆ ಇರುತ್ತದೆ, ಇದು ದಿನವೂ ಹುಟ್ಟಿ ಸಾಯುತ್ತಿರುತ್ತದೆ ಎಂಬಷ್ಟೇ ಫರಕು. ಮಾಲಿಯ ಫಲಿತಾಂಶವನ್ನು ಹಾಗೇ ತಂದು ಯಾದಗಿರಿಗೆ ಅಂಟಿಸುವಂತಿಲ್ಲ, ಅಲ್ಲಿಯವರಿಗೆ ಚಿಕ್ಕಂದಿನಿಂದ ಕಚ್ಚಿಸಿಕೊಂಡ ಪ್ರತಿರಕ್ಷೆ ಇದೆ.

ಕಾರಣ ಯಾವುದು, ಪರಿಣಾಮ ಯಾವುದು ಎಂಬ ತೊಡಕೂ ಇದೆ. ತಮ್ಮನ ಮೈ 40 ಡಿಗ್ರಿ ಮುಟ್ಟಿದೆ. ಆ ಬಿಸಿಗೆ ರೋಗಾಣು ತನ್ನ ಪ್ರೋಟೀನ್ ಕೆಡದಂತೆ ಕಾಯುವ ಜೀನ್‌ಗಳನ್ನು ಏರಿಸುತ್ತದೆ. ಅವು ಜ್ವರ ತಂದವಲ್ಲ, ಜ್ವರ ಅವುಗಳನ್ನು ತಂದಿತು. ಎರಡು ದಿನ ಅವನು ಉಂಡೂ ಇಲ್ಲ; ಆಹಾರ ಕಡಿಮೆ ಮಾಡಿದ ಇಲಿಗಳಲ್ಲಿ ಅವುಗಳ ಮಲೇರಿಯಾ ರೋಗಾಣು ಅದನ್ನು ಗುರುತಿಸಿ ಸಂತಾನ ತಗ್ಗಿಸುತ್ತದೆ ಎಂದು 2017ರಲ್ಲಿ ತೋರಿಸಿದ್ದಾರೆ.

ಕಲಬುರಗಿಯ ವೈದ್ಯಕೀಯ ವಿದ್ಯಾರ್ಥಿಗಳೂ ಈ ಪುಟ ಓದುತ್ತಾರೆ, ಅವರಿಗಾಗಿ ಮಾದರಿ ತೆಗೆಯುವ ನಾಲ್ಕು ಮಾತು. 'ಲಕ್ಷಣವಿಲ್ಲ' ಎಂದು ಬರೆಯುವ ಮುಂಚೆ ಕಂಕುಳ ತಾಪ 37.5ಕ್ಕಿಂತ ಕಡಿಮೆ ಇದೆಯೇ, ಕಳೆದ ಎರಡು ದಿನ ಜ್ವರ ಇತ್ತೇ ಕೇಳಿ. ನಿನ್ನೆ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ನುಂಗಿದಿರಾ ಎಂದು ಬಿಡಿಸಿ ಕೇಳಿ. 'ಗುಳಿಗೆ ತಗೊಂಡಿಲ್ಲ' ಅನ್ನುವವರು ಅದನ್ನು ಗುಳಿಗೆ ಎಂದೇ ಎಣಿಸಿರುವುದಿಲ್ಲ. ಇವತ್ತು ಆರಾಮ ಇದ್ದವರಿಗೆ ನಾಡಿದ್ದು ಜ್ವರ ಬಂದೀತು, ಅವರು ಲಕ್ಷಣವಿಲ್ಲದವರಲ್ಲ, ಲಕ್ಷಣ ಇನ್ನೂ ಬರದವರು. ಅದನ್ನು ತಿಳಿಯಲೆಂದು ಔಷಧ ತಡೆಯುವಂತಿಲ್ಲ. ರಕ್ತ ತೆಗೆದ ದಿನವೇ ಚಿಕಿತ್ಸೆ ಶುರು ಮಾಡಿ, ಹಿಂದಿನ ದಿನಗಳ ವಿವರವನ್ನೇ ಗಟ್ಟಿಯಾಗಿ ಬರೆದುಕೊಳ್ಳಿ.

ಆರ್‌ಎನ್‌ಎ ಬೇಗ ಕೆಡುವ ಸರಕು. ಆರ್‌ಎನ್‌ಎ ಕಾಯುವ ದ್ರವ ತುಂಬಿದ ಪ್ಯಾಕ್ಸ್‌ಜೀನ್ ಕೊಳವೆಯಾದರೆ 2.5 ಮಿಲಿಲೀಟರ್ ರಕ್ತ, ತಕ್ಷಣ 8ರಿಂದ 10 ಸಲ ಮೆಲ್ಲಗೆ ತಲೆಕೆಳಗೆ ಮಾಡಬೇಕು. ಅಲುಗಾಡಿಸದೆ ಇಟ್ಟರೆ ಮೇಲೆ ದ್ರವ, ಕೆಳಗೆ ಹೆಪ್ಪು. ಮೂರು ದಿನ ಹೊರಗಿಡಬಹುದು ಎಂಬುದು 18ರಿಂದ 25 ಡಿಗ್ರಿಯ ಮಾತು. ಮೇ ತಿಂಗಳಲ್ಲಿ ಕಲಬುರಗಿ 42 ದಾಟುತ್ತದೆ, ಬಸ್ಸಿನ ಡಿಕ್ಕಿಯ ಮಾತು ಕೇಳಲೇಬೇಡಿ. ಐಸ್ ಪೆಟ್ಟಿಗೆ, ಆಮೇಲೆ ಫ್ರಿಜ್, ಐದು ದಿನದೊಳಗೆ ಪ್ರಯೋಗಾಲಯ.

ಇನ್ನೊಂದು ಗೋಳು ಬಿಳಿಕಣಗಳದು. ಒಂದು ಬಿಳಿಕಣದಲ್ಲಿ ಸುಮಾರು 620 ಕೋಟಿ ಅಕ್ಷರಗಳ ಡಿಎನ್‌ಎ, ಉಂಗುರ ಹಂತದ ಒಂದು ರೋಗಾಣುವಿನಲ್ಲಿ 2.3 ಕೋಟಿ. ಮೈಕ್ರೊಲೀಟರ್‌ಗೆ 6000 ಬಿಳಿಕಣ, 10 ರೋಗಾಣು ಇದ್ದರೆ ರೋಗಾಣುವಿನ ಡಿಎನ್‌ಎಗಿಂತ ಮನುಷ್ಯನ ಪಾಲು ಒಂದು ಲಕ್ಷ ಅರವತ್ತು ಸಾವಿರ ಪಟ್ಟು. ಸೆಲ್ಯುಲೋಸ್ ಸೋಸುಗದಲ್ಲಿ ಬಿಳಿಕಣ ತೆಗೆಯಬಹುದು, ಆದರೆ ಸೋಸುವಷ್ಟು ಹೊತ್ತು ರೋಗಾಣು ಬದುಕಿದ್ದು ಆರ್‌ಎನ್‌ಎ ಬದಲಿಸುತ್ತದೆ. ಕೊಳವೆಗೆ ನೇರ ಹಾಕಿದರೆ ರೋಗಾಣುವಿನ ಗಡಿಯಾರ ನಿಲ್ಲುತ್ತದೆ, ಬಿಳಿಕಣವೂ ಅದರಲ್ಲೇ ಒಡೆದು ಬೆರೆಯುತ್ತದೆ. ಎರಡರಲ್ಲಿ ಯಾವುದೇ ಆಗಲಿ, ರೋಗಿಗೂ ಆರಾಮ ಇರುವವರಿಗೂ ಒಂದೇ ವಿಧಾನ ಇರಲಿ.

ಮತ್ತೆ ಅಣ್ಣನ ಬಳಿಗೆ. ಅವನ ರೋಗಾಣುಗಳಲ್ಲಿ ಕೆಲವು 'ಎಪಿ2-ಜಿ' ಎಂಬ ಜೀನ್ ಏರಿಸಿ ಗಂಡು ಹೆಣ್ಣು ರೂಪಕ್ಕೆ ತಿರುಗುತ್ತವೆ, 10ರಿಂದ 12 ದಿನದಲ್ಲಿ ಬಲಿತು ಸೊಳ್ಳೆಗೆ ಕಾಯುತ್ತವೆ. ಬಲಿತವುಗಳನ್ನು ಆರ್ಟಿಸುನೇಟ್ ಸರಿಯಾಗಿ ಕೊಲ್ಲುವುದಿಲ್ಲ, ಎರಡನೇ ದಿನದ ಆ ಒಂದು ಪ್ರಿಮಾಕ್ವಿನ್ ಅದಕ್ಕೇ. ನಾರಾಯಣಪುರದ ನೀರು ಹರಿಯುವ ನಿಮ್ಮ ಕಾಲುವೆ ಸೀಮೆಯಲ್ಲಿ ಮಲೇರಿಯಾ ಹರಡುವ ಕ್ಯುಲಿಸಿಫೇಸಿಸ್ ಅನಾಫಿಲಿಸ್ ಸೊಳ್ಳೆಗೆ ನಿಂತ ನೀರಿನ ಬರ ಇಲ್ಲ. ಜ್ವರ ಬಂದ ತಮ್ಮ ಎರಡು ದಿನದಲ್ಲಿ ಗುಳಿಗೆ ನುಂಗುತ್ತಾನೆ. ಜ್ವರವಿಲ್ಲದ ಅಣ್ಣ ಚಿಕಿತ್ಸೆ ಇಲ್ಲದೆ ತಿಂಗಳುಗಟ್ಟಲೆ ಅಂಗಳದಲ್ಲಿ ಮಲಗುತ್ತಾನೆ.

ಗುಣವಾಯಿತೇ ಎಂದು ನೋಡಲು ರ‍್ಯಾಪಿಡ್ ಕಾರ್ಡ್ ಬಳಸಬೇಡಿ. ಆ ಕಾರ್ಡ್ ಹುಡುಕುವ ಎಚ್‌ಆರ್‌ಪಿ-2 ಪ್ರೋಟೀನ್ ರೋಗಾಣು ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿದ್ದು ಗೆರೆ ಮೂಡಿಸುತ್ತದೆ. ದಪ್ಪ ರಕ್ತಲೇಪನವೇ ಆಗಬೇಕು, ಸೂಕ್ಷ್ಮದರ್ಶಕದಲ್ಲಿ ನೂರು ಕ್ಷೇತ್ರ ನೋಡದೆ 'ಇಲ್ಲ' ಎಂದು ಬರೆಯಕೂಡದು. ಅವರ ಜೊತೆ ಅದೇ ಶೆಡ್ಡಿನಲ್ಲಿ ಮಲಗುತ್ತಿದ್ದ ಊರವರು ಇನ್ನಾರು ಮರಳಿದ್ದಾರೆ ಎಂದು ಆಶಾ ಕಾರ್ಯಕರ್ತೆಗೆ ಹೇಳಿ, ಆರಾಮ ಇದ್ದವರ ಬೆರಳನ್ನೂ ಚುಚ್ಚಲಿ.