ಅಪ್ಪನನ್ನು ನಿದ್ದೆಯಿಂದ ಹೇಗೆ ಎಬ್ಬಿಸಬೇಕು?

ಇದು ಒಬ್ಬ ಮಾಜಿ ಸೈನಿಕರ ಮನೆಯ ಕತೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ, ಮುಖ್ಯವಾಗಿ ಆ ಹಿರಿಯರೇ ಒಪ್ಪಿದ್ದಾರೆ. ಸೈನ್ಯದಿಂದ ಬಂದ ಹಿರಿಯರನ್ನು ಬಳ್ಳಾರಿ ಕಡೆ ಮಿಲಿಟ್ರಿ ತಾತ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ತಾತನಿಗೆ 80 ವರ್ಷ. ಸಿರುಗುಪ್ಪ ತಾಲೂಕಿನವರು, ಕಾಲುವೆ ನೀರಿನ ಭತ್ತದ ಗದ್ದೆ ಸ್ವಲ್ಪ ಇದೆ. ಹೆಂಡತಿ ತೀರಿಕೊಂಡ ಮೇಲೆ ಬಳ್ಳಾರಿಯಲ್ಲಿರುವ ಮಗನ ಮನೆಗೆ ಬಂದರು. ಒಂದು ರಾತ್ರಿ ನಿದ್ದೆಯಲ್ಲಿ ಕೂಗಿಕೊಂಡಾಗ ಮೊಮ್ಮಗ ಓಡಿ ಬಂದು ಭುಜ ಹಿಡಿದು ಅಲ್ಲಾಡಿಸಿದ. ತಾತ ಅವನ ಕುತ್ತಿಗೆಗೆ ಕೈ ಹಾಕಿದರು. ಎಚ್ಚರವಾಗಿ ನೋಡಿದರೆ ಎದುರಿಗೆ ಮೊಮ್ಮಗ. ಅವತ್ತಿನಿಂದ ತಾತ ಒಳಗಿಂದ ಚಿಲಕ ಹಾಕಿಕೊಂಡೇ ಮಲಗುತ್ತಿದ್ದರು.

ಮಗ ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದಾಗ ಕೇಳಿದ್ದು, "ಮೇಡಂ, ಅಪ್ಪಗೆ ತಲಿ ಕೆಟ್ಟೈತಾ? ಧಾರವಾಡಕ್ಕೆ ಕರ್ಕೊಂಡು ಹೋಗ್ಬೇಕಾ?"

ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಇದೆ, ಹಾಗಾಗಿ ನಮ್ಮ ಕಡೆ ಮನಸ್ಸಿನ ಕಾಯಿಲೆ ಅಂದ ತಕ್ಷಣ ಆ ಊರಿನ ಹೆಸರು ಬರುತ್ತದೆ. ಆದರೆ ಹಳ್ಳಿಯ ಆಸ್ಪತ್ರೆ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ 1985ರಲ್ಲಿ ನಿಮ್ಹಾನ್ಸ್ ಪ್ರಯೋಗ ಶುರು ಮಾಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋದ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೂರ ಹೋಗುವ ಅಗತ್ಯ ಬಂದರೆ ಹೇಳುತ್ತೇನೆ, ಮೊದಲು ಇಲ್ಲೇ ನೋಡೋಣ ಅಂದೆ.

ತಾತನ ಬಲಗಿವಿ ಸ್ವಲ್ಪ ಕೇಳುತ್ತಿತ್ತು. ನಾನು ಆ ಕಡೆ ಕೂತೆ. ಯುದ್ಧದ ಮಾತು ತೆಗೆಯಲಿಲ್ಲ, ಅಜ್ಜಿ ಬಗ್ಗೆ ಕೇಳಿದೆ. ಮಾತೇ ಆಡಲ್ಲ ಅಂತ ಮನೆಯವರು ಹೇಳಿದ್ದ ಮನುಷ್ಯ ಆ ಮಧ್ಯಾಹ್ನ ಪೂರ್ತಿ ಮಾತಾಡಿದರು. ಲಕ್ವ ಹೊಡೆದು ಹಾಸಿಗೆ ಹಿಡಿದ ಹೆಂಡತಿಗೆ ನಾಲ್ಕು ವರ್ಷ ತಾವೇ ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಗಂಜಿ ಕುಡಿಸಿದ್ದು. ಸೊಸೆ ಮಾಡ್ತೀನಿ ಅಂದರೂ ಬಿಟ್ಟುಕೊಡಲಿಲ್ಲವಂತೆ. ಯಾಕೆ ಅಂದೆ.

"ಆಕಿ ನನ್ನ ಐವತ್ತು ವರ್ಷ ನೋಡ್ಯಾಳಮ್ಮ. ರಾತ್ರಿ ಹೊತ್ತು."

ಇಡೀ ಪ್ರಕರಣ ಇದ್ದದ್ದು ಇಷ್ಟರಲ್ಲೇ. ರಾತ್ರಿ ಕೂಗಾಟ ಈಗ ಶುರುವಾದದ್ದಲ್ಲ. 1971ರ ಯುದ್ಧದಿಂದಲೂ ಇತ್ತು. ಅಜ್ಜಿ ಎಂದೂ ಮೈ ಅಲ್ಲಾಡಿಸಿ ಎಬ್ಬಿಸುತ್ತಿರಲಿಲ್ಲ. ಮೊದಲು ದೀಪ ಹಾಕಿ, ಕಾಲಿನ ಕಡೆ ನಿಂತು ಹೆಬ್ಬೆರಳು ಒತ್ತಿ, "ಊರಾಗ ಅದೀರಿ, ನಾನಿದೀನಿ" ಅನ್ನುತ್ತಿದ್ದರು. ಆಮೇಲೆ ನೀರು. ಇದು ಮಕ್ಕಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಬಾರದು ಅಂತ ಗಂಡ ಹೆಂಡತಿ ಇಬ್ಬರೂ ಕಾಪಾಡಿಕೊಂಡು ಬಂದಿದ್ದರು. ಅಜ್ಜಿ ಹೋದ ದಿನ ಆ ಮನೆ ಒಬ್ಬ ವೈದ್ಯರನ್ನೂ ಕಳೆದುಕೊಂಡಿತು ಅಂತ ನನಗೆ ಅನಿಸುತ್ತದೆ.

ತಾತ 1963ರಲ್ಲಿ ಸೈನ್ಯಕ್ಕೆ ಸೇರಿದವರು. ಚೀನಾ ಯುದ್ಧ ಮುಗಿದು ಭರ್ತಿ ಜೋರಾಗಿದ್ದ ಕಾಲ. ತರಬೇತಿ ಬೆಂಗಳೂರಿನ ಹಲಸೂರಿನಲ್ಲಿ, ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ. 1971ರ ಡಿಸೆಂಬರ್‌ನಲ್ಲಿ ಶಕರ್‌ಗಢ ಕಡೆಯ ಪಶ್ಚಿಮ ಗಡಿಯಲ್ಲಿದ್ದರು. ಅಲ್ಲಿ ಬಸಂತರ್ ನದಿ ಹತ್ತಿರ ಪಾಕಿಸ್ತಾನ ಹೂತಿಟ್ಟಿದ್ದ ನೆಲಬಾಂಬುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದು ಇಂಜಿನಿಯರ್ ಪಡೆಯ ಜವಾನರು. ಕತ್ತಲಲ್ಲಿ, ಗುಂಡು ಬೀಳುತ್ತಿರುವಾಗಲೇ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು ಅಂತ ನಾವು ಓದಿದ್ದೇವೆ ಅಲ್ವಾ? ಅವತ್ತು ಬಸಂತರ್ ದಂಡೆಯಲ್ಲಿ ಇನ್ನೂ ಕಾಳಗ ನಡೆಯುತ್ತಿತ್ತು.

ಆಮೇಲೆ ಊರಿಗೆ ಬಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆದರು. ಮಕ್ಕಳನ್ನು ಓದಿಸಿದರು, ಮದುವೆ ಮಾಡಿದರು. ಗದ್ದೆಗೆ ಹೋದಾಗ ಮಕ್ಕಳನ್ನು ಮುಂದೆ ನಡೆಯಲು ಬಿಡುತ್ತಿರಲಿಲ್ಲವಂತೆ. "ನನ್ನ ಹೆಜ್ಜಿ ಮ್ಯಾಲೆ ಹೆಜ್ಜಿ ಇಟ್ಟು ಬರ್ರಿ" ಅನ್ನುತ್ತಿದ್ದರು. ಹಾವಿನ ಭಯ ಇರಬೇಕು ಅಂದುಕೊಂಡಿದ್ದೆವು ಅಂತ ಹೇಳುತ್ತಾ ಹೇಳುತ್ತಾ ಮಗ ಸುಮ್ಮನಾದರು. ಅದು ಯಾತರ ಭಯ ಅಂತ ಅವರಿಗೆ ಆಗಲೇ ಹೊಳೆದದ್ದು.

ಈಗ ಯಾಕೆ ಜಾಸ್ತಿಯಾಯಿತು? ಅಜ್ಜಿ ಇಲ್ಲ. ಊರು ಬಿಟ್ಟು ಬಂದಿದ್ದಾರೆ. ಕೈಗೆ ಕೆಲಸವಿಲ್ಲ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಟಿವಿಯಲ್ಲಿ ಹಗಲೂ ರಾತ್ರಿ ಸೈರನ್ ಸದ್ದು. ಅಪ್ಪನಿಗೆ ಖುಷಿಯಾಗಲಿ ಅಂತ ಮಗನೇ ಜೋರಾಗಿ ಇಟ್ಟಿದ್ದರು. ನಿದ್ದೆ ಬರಲೆಂದು ತಾತ ಮಿಲಿಟ್ರಿ ಕ್ಯಾಂಟೀನ್ ರಮ್ ಶುರು ಮಾಡಿದ್ದರು. ಮೇಲೆ ಮೆಡಿಕಲ್ ಶಾಪ್‌ನಿಂದ ತಂದ ನಿದ್ದೆ ಗುಳಿಗೆ. ಎರಡೂ ಒಟ್ಟಿಗೆ ಹೋದರೆ ಈ ವಯಸ್ಸಿನಲ್ಲಿ ಉಸಿರಿಗೇ ಅಪಾಯ. ರಾತ್ರಿ ಎದ್ದಾಗ ಬೀಳುವ ಭಯವೂ ಇದೆ. ಕುಡಿತದಿಂದ ಕೆಟ್ಟ ಕನಸು ಕಡಿಮೆಯಾಗುವುದಿಲ್ಲ, ನಿದ್ದೆ ಇನ್ನಷ್ಟು ಹಾಳಾಗುತ್ತದೆ.

ಸಾಯಬೇಕು ಅನಿಸುತ್ತದಾ ತಾತ ಅಂತ ನೇರವಾಗಿ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. "ಕರಕೊಂಡ್ರೆ ಹೋಗ್ತೀನಿ, ನಾನಾಗಿ ಹೋಗಲ್ಲ" ಅಂದರು. ಗನ್‌ಮ್ಯಾನ್ ಕೆಲಸದ ಲೈಸೆನ್ಸ್ ಬಂದೂಕು ಇನ್ನೂ ಮನೆಯಲ್ಲೇ ಇತ್ತು. ಅದನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳಿದೆ. ಮಗನ ಮೂಲಕ ಅಲ್ಲ, ತಾತನಿಗೇ ಹೇಳಿದೆ. "ಮನ್ಯಾಗ ಹುಡುಗ್ರು ಅದಾರ, ಖರೆ" ಅಂದು ತಾವೇ ಒಯ್ದು ಕೊಟ್ಟು ಬಂದರು.

ಮನೆಯವರಿಗೆ ಹೇಳಿದ್ದು ಹೀಗೆ. ಅಜ್ಜಿ ಎಬ್ಬಿಸಿದ ಹಾಗೇ ಎಬ್ಬಿಸಿ. ಕೈ ಬೀಸಿದರೆ ತಾಗದಷ್ಟು ದೂರದಲ್ಲಿ, ಕಾಲಿನ ಕಡೆ ನಿಂತು ದೀಪ ಹಾಕಿ. ಹೆಸರು ಹಿಡಿದು ಕರೆಯಿರಿ, ಊರಿನ ಹೆಸರು ಹೇಳಿ. ಕಿವಿ ಮಂದ ಇರುವುದರಿಂದ ದೀಪವೇ ಮುಖ್ಯ. ಕನಸಿನಲ್ಲಿ ಏನು ಕಂಡಿರಿ ಅಂತ ಆಗ ಕೇಳಬೇಡಿ. ಚಿಲಕ ತೆಗೆಸಿ, ಚಿಕ್ಕ ದೀಪವೊಂದು ಬೆಳಗಿನವರೆಗೂ ಉರಿಯಲಿ. ಟಿವಿಯ ಯುದ್ಧದ ಸುದ್ದಿ ಬಂದ್. ದೀಪಾವಳಿಗೆ ಪಟಾಕಿ ಯಾವಾಗ ಹಚ್ಚುತ್ತೀರಿ ಅಂತ ಮೊದಲೇ ತಿಳಿಸಿ. ರಮ್ ಮತ್ತು ಗುಳಿಗೆಯನ್ನು ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಮನೋವೈದ್ಯರು ಹೇಳಿದಂತೆ ಇಳಿಸಿ.

ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೂ ತಪ್ಪು. ವಯಸ್ಸಾದವರು ನಿದ್ದೆಯಲ್ಲಿ ಕೈಕಾಲು ಬೀಸಿದರೆ ಕೆಲವೊಮ್ಮೆ ಅದು ಪಾರ್ಕಿನ್ಸನ್ ಥರದ ನರದ ಕಾಯಿಲೆಯ ಮುನ್ಸೂಚನೆ. ಹಾಗಾಗಿ ನರರೋಗ ತಜ್ಞರಿಗೂ ತೋರಿಸಲು ಹೇಳಿದೆ. ಕಿವಿಗೆ ಶ್ರವಣಯಂತ್ರ ಬೇಕಿತ್ತು. ಮಾಜಿ ಸೈನಿಕರಿಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ಕಾರ್ಡ್ ಟ್ರಂಕಿನಲ್ಲೇ ಬಿದ್ದಿತ್ತು. ಮರೆವು ಬಂದಿದೆ ಅಂತ ಸೊಸೆ ಹೇಳುತ್ತಿದ್ದದ್ದರಲ್ಲಿ ಬಹಳಷ್ಟು ಕಿವಿ ಕೇಳಿಸದ ಸಮಸ್ಯೆಯೇ ಆಗಿತ್ತು. ಯಂತ್ರ ಹಾಕಿದ ಮೇಲೆ ಅದು ತಿಳಿಯಿತು.

ಮೊಮ್ಮಗನಿಗೆ ಒಂದು ಆಸೆ. ತಾತನ ಯುದ್ಧದ ಕತೆಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಬೇಕು ಅಂತ. ಈಗ ಬೇಡ ಅಂದೆ. ಮನಸ್ಸಿನಲ್ಲಿರುವುದೆಲ್ಲ ಹೊರಗೆ ಬಂದರೆ ಹಗುರ ಅಂತ ನಾವು ನಂಬಿದ್ದೇವೆ. ಆದರೆ ಸಿದ್ಧವಿಲ್ಲದವರ ಬಾಯಿ ಬಿಡಿಸಿದರೆ ಗಾಯ ಕೆದಕಿದಂತಾಗುತ್ತದೆ. ತಾತ ಮಕ್ಕಳ ಮುಂದೆ ಸುಮ್ಮನಿದ್ದದ್ದು ಅವರ ಮೇಲಿನ ಪ್ರೀತಿಗೆ. ಆ ಪ್ರೀತಿಯನ್ನು ಗೌರವಿಸಿ, ಅವರಾಗಿ ಹೇಳಿದ ದಿನ ಕೇಳಿಸಿಕೋ ಅಂತ ಹುಡುಗನಿಗೆ ವಿವರಿಸಿದೆ. ಅಲ್ಲಿಯವರೆಗೆ ಅಜ್ಜಿ ಬಗ್ಗೆ ಎಷ್ಟು ಬೇಕಾದರೂ ಕೇಳಬಹುದು.

ಇಂಥ ತೊಂದರೆ ಇರುವ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದಿನದ 24 ಗಂಟೆಯೂ ಸಿಗುತ್ತಾರೆ.

ತಾತನ ಕನಸುಗಳು ಪೂರ್ತಿ ನಿಂತಿಲ್ಲ, ಕಡಿಮೆಯಾಗಿವೆ. ರಮ್ ಬಿಟ್ಟಿದ್ದಾರೆ. ಮೊಮ್ಮಗ ಅದೇ ಕೋಣೆಯಲ್ಲಿ ಬೇರೆ ಮಂಚದ ಮೇಲೆ ಮಲಗುತ್ತಾನೆ. ಭತ್ತದ ನಾಟಿಗೆ, ಕೊಯ್ಲಿಗೆ ಊರಿಗೆ ಹೋಗಲೇಬೇಕು ಅಂತ ತಾತನ ಹಟ. ನಾನು ಅವರ ಪರ ನಿಂತೆ. ಜೊತೆಗೆ ಒಬ್ಬರು ಇರಬೇಕು, ರಾತ್ರಿ ಎಬ್ಬಿಸುವ ರೀತಿ ಅವರಿಗೂ ಗೊತ್ತಿರಬೇಕು ಅನ್ನುವ ಷರತ್ತಿಗೆ ಮಗನೂ ಒಪ್ಪಿದ್ದಾರೆ.