ಬಲ್ಬ್ ಹೋದರೆ ಬರೀ ಬಲ್ಬನ್ನು ಬೈಯಬೇಡಿ

ಪ್ರಶ್ನೆ: ನಮ್ಮ ಹಾಲ್‌ನ ಗಾಜಿನ ಡೂಮ್ ಲೈಟಿನೊಳಗೆ ಮಳೆಗಾಲ ಬಂತೆಂದರೆ ಹುಳ ತುಂಬಿಕೊಳ್ಳುತ್ತದೆ. ಅದರಲ್ಲಿ ಹಾಕಿದ ಎಲ್‌ಇಡಿ ಬಲ್ಬ್ ಕೂಡ ಬೇಗ ಹೋಗುತ್ತದೆ. ಸರ್ಕಾರದ ಹೊಸಬೆಳಕು ಯೋಜನೆಯಲ್ಲಿ ತಂದ 9 ವ್ಯಾಟಿನ ಎಲ್‌ಇಡಿ ಬಲ್ಬ್ ಜಗಲಿಯಲ್ಲಿ ಇನ್ನೂ ಉರಿಯುತ್ತಿದೆ! ಹಾಲಿಗೆ ಯಾವ ಕಂಪನಿಯದು ತರಲಿ?
- ಓದುಗರು, ಸಾಗರ

ಉತ್ತರ: ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಜಗಲಿಯ ಬಲ್ಬಿಗೆ ಗಾಳಿಯಾಡುತ್ತದೆ, ಹಾಲಿನದು ಗಾಜಿನೊಳಗೆ ಬೇಯುತ್ತದೆ. ಬಲ್ಬಿನ ಬುಡದಲ್ಲಿ ಡ್ರೈವರ್ ಅಂತ ಪುಟ್ಟ ಸರ್ಕ್ಯೂಟ್ ಇದೆಯಲ್ಲ, ಎಷ್ಟೋ ಸಲ ಮೊದಲು ಕೆಡುವುದು ಅದೇ, ಯಾಕೆಂದರೆ ಅದರಲ್ಲಿರುವ ಕೆಪಾಸಿಟರ್ ಬಿಸಿಗೆ ಒಳಗೊಳಗೇ ಒಣಗುತ್ತದೆ. ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿದ್ದರೂ ಮುಚ್ಚಿದ ಡೂಮಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಕಡಿಮೆ ವ್ಯಾಟಿನದು ಹಾಕಿ ನೋಡಿ. ಗಾಜು ತೊಳೆದರೆ ಬೆಳಕೇನೂ ಕಡಿಮೆ ಅನ್ನಿಸದು, ಹುಳ ಮತ್ತು ಧೂಳು ನುಂಗುತ್ತಿದ್ದ ಬೆಳಕು ಸುಮಾರಿರುತ್ತದೆ.

ತೊಳೆಯುವಾಗ ಬರೀ ಸ್ವಿಚ್ ಆರಿಸಿ ಸ್ಟೂಲ್ ಹತ್ತಬೇಡಿ. ಮೇನ್ ಬೋರ್ಡಿನಲ್ಲಿ ಆ ಲೈಟಿನ ಕರೆಂಟನ್ನೇ ಕಡಿಯುವ ಸ್ವಿಚ್ ಇರುತ್ತದಲ್ಲ, ಆ ಎಂಸಿಬಿಯನ್ನೇ ಆಫ್ ಮಾಡಿ (ಯಾಕೆ ಅಂತ ಮುಂದಿನ ಉತ್ತರದಲ್ಲಿದೆ). ಗಾಜು ಪೂರ್ತಿ ಆರಲಿ, ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಒಂದು ಕೈ ಗಾಜಿನ ಕೆಳಗೇ ಇರಲಿ, ಇನ್ನೊಂದರಲ್ಲಿ ಸ್ಕ್ರೂ ಸಡಿಲಿಸಿ. ಕೆಳಗೆ ಒಬ್ಬರು ನಿಂತಿದ್ದರೆ ಇನ್ನೂ ಒಳ್ಳೆಯದು.

ಇಳಿಸಿದ ತಕ್ಷಣ ನೀರಿಗೆ ಹಿಡಿಯಬೇಡಿ! ಒಣ ಹುಳವನ್ನು ಮೊದಲು ಪೇಪರ್ ಮೇಲೆ ಕೊಡವಿ. ಒದ್ದೆಯಾದರೆ ಆ ರೆಕ್ಕೆಗಳು ಗಾಜಿಗೆ ಅಂಟಿಕೊಂಡು ಉಜ್ಜಿದಷ್ಟೂ ಜಾರುತ್ತವೆ. ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ತೊಳೆಯಿರಿ. ಡಿಸೈನ್ ಇರುವ ಗಾಜಾದರೆ ಸ್ಟೀಲ್ ನಾರು ಬೇಡವೇ ಬೇಡ. ಹೋಲ್ಡರ್ ಮತ್ತು ತಗಡಿನ ಪ್ಲೇಟಿಗೆ ಒಣ ಪೇಂಟಿಂಗ್ ಬ್ರಷ್ ಸಾಕು, ಅಲ್ಲಿ ನೀರಿಗೆ ಏನೂ ಕೆಲಸವಿಲ್ಲ. ಗಾಜು ಪೂರ್ತಿ ಒಣಗಿದ ಮೇಲೆ ಏರಿಸಿ, ಸ್ಕ್ರೂ ಜಾಸ್ತಿ ಬಿಗಿ ಮಾಡಬೇಡಿ.

ಹುಳ ಬಾರದಂತೆ ಸಂದಿಗೆಲ್ಲ ಟೇಪ್ ಸುತ್ತುವವರಿದ್ದಾರೆ. ಹುಳವೇನೋ ನಿಲ್ಲಬಹುದು, ಆದರೆ ಬಿಸಿಯೂ ಒಳಗೇ ನಿಲ್ಲುತ್ತದೆ. ಅದಕ್ಕಿಂತ ಹುಳ ಏಳುವ ಸಂಜೆ ಹಾಲ್ ಲೈಟ್ ಆರಿಸಿ ಜಗಲಿಯದು ಹಾಕಿ, ಕೆಳಗೆ ಒಂದು ಬೋಗುಣಿ ನೀರಿಡಿ. ಮಲೆನಾಡಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ಪ್ರಶ್ನೆ: ಸ್ವಿಚ್ ಆರಿಸಿದ ಮೇಲೂ ಬೆಡ್‌ರೂಮಿನ ಎಲ್‌ಇಡಿ ಬಲ್ಬ್ ಮಿಣುಕು ಮಿಣುಕು ಉರಿಯುತ್ತದೆ. ಅತ್ತೆಯವರಿಗೆ ಭಯ. ಏನಿದು?
- ಓದುಗರು, ದಾವಣಗೆರೆ

ಉತ್ತರ: ದೆವ್ವ ಅಲ್ಲ ಅಂತ ಅತ್ತೆಯವರಿಗೆ ಹೇಳಿ. ಎಲ್‌ಇಡಿಗೆ ಚೂರು ಕರೆಂಟ್ ಸಿಕ್ಕರೂ ಮಿನುಗುತ್ತದೆ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕವೇ ಅಷ್ಟು ಕರೆಂಟ್ ಹರಿಯಬಹುದು, ಅದರಿಂದ ತೊಂದರೆಯಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ. ವೈರಿಂಗ್ ಮಾಡಿದವರು ಫೇಸ್ (ಕರೆಂಟ್ ತರುವ ತಂತಿ) ಬದಲು ನ್ಯೂಟ್ರಲ್ಲನ್ನು (ಕರೆಂಟ್ ವಾಪಸ್ ಹೋಗುವ ತಂತಿ) ಸ್ವಿಚ್ಚಿಗೆ ಕೊಟ್ಟಿರಬಹುದು. ಹಾಗಿದ್ದರೆ ಬಲ್ಬ್ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಕೈ ತಾಗಿದರೆ ಕಥೆ ಮುಗಿಯಿತು. ಸಾಗರದವರಿಗೆ ಎಂಸಿಬಿ ಅಂದಿದ್ದು ಇದಕ್ಕೇ. ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ, ಆದರೆ ನೀವೇ ಮಾಡಲು ಹೋಗಬೇಡಿ.

ಪ್ರಶ್ನೆ: ಅಡುಗೆಮನೆಯ ಟ್ಯೂಬ್‌ಲೈಟಿಗೆ ಒಗ್ಗರಣೆ ಜಿಡ್ಡು ಹಿಡಿದಿದೆ. ಥಿನ್ನರ್ ಹಾಕಿ ಒರೆಸಬಹುದಾ?
- ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಎಲ್‌ಇಡಿ ಪಟ್ಟಿಯ ಪ್ಲಾಸ್ಟಿಕ್ ಮಬ್ಬಾಗುತ್ತದೆ, ಮೇಲಾಗಿ ಪಕ್ಕದಲ್ಲೇ ಒಲೆ! ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಬಟ್ಟೆ ಅದ್ದಿ, ಗಟ್ಟಿ ಹಿಂಡಿ ಒರೆಸಿ, ಆಮೇಲೆ ಒಣಬಟ್ಟೆ. ನೇರವಾಗಿ ಸ್ಪ್ರೇ ಹೊಡೆಯಬೇಡಿ. ಹಳೆಯ ಗಾಜಿನ ಟ್ಯೂಬಾದರೆ ಕಳಚಿ ಒರೆಸಿ. ಅದರಲ್ಲಿ ಪಾದರಸ ಇರುತ್ತದೆ, ಅಕಸ್ಮಾತ್ ಒಡೆದರೆ ಕಿಟಕಿ ತೆಗೆದು, ಮಕ್ಕಳನ್ನು ಆಚೆ ಕಳಿಸಿ, ಚೂರನ್ನು ಪೊರಕೆ ಬದಲು ರಟ್ಟಿನಲ್ಲಿ ಬಾಚಿ ಬೇರೆ ಡಬ್ಬಕ್ಕೆ ಹಾಕಿ.