ಸ್ಲಾಟ್ ಕಾರ್ ಟ್ರ್ಯಾಕ್‌ಗೆ ಕೈಯಂದಾಜಿನಲ್ಲೇ ಗ್ರೂವ್ ಹೊಡೆಯಬಹುದೇ?

ನಿಮ್ಮ ಹತ್ತಿರ 1/32 ಅಳತೆಯ ಸ್ಕೇಲೆಕ್ಸ್‌ಟ್ರಿಕ್ ಕಾರುಗಳಿವೆ, ಅಂದರೆ ಟ್ರ್ಯಾಕಿನಲ್ಲಿ ಕೊರೆದ ಗ್ರೂವ್ ಹಿಡಿದು ಕರೆಂಟಿನಲ್ಲಿ ಓಡುವ ಆಟಿಕೆ ಕಾರುಗಳು; ಪ್ಲಾಸ್ಟಿಕ್ ಟ್ರ್ಯಾಕ್ ಬೇಜಾರಾಗಿದೆ. ಎಂಟು-ನಾಲ್ಕು ಅಡಿಯ ಹಲಗೆ ತಂದು, ಪೆನ್ಸಿಲ್ ಗೆರೆಯ ಮೇಲೆ ಟ್ರಿಮ್ಮರ್ (ಮರದಲ್ಲಿ ಗ್ರೂವ್ ಕೊರೆಯುವ ಕೈಯಂತ್ರ) ಓಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನನ್ನ ಮೊದಲ ಹಲಗೆಯಲ್ಲಿ ಹಾಗೇ ಮಾಡಿದ್ದೆ. ಕಣ್ಣಿಗೆ ನೆಟ್ಟಗಿದ್ದ ಗ್ರೂವ್‌ನಲ್ಲಿ ಕಾರು ಕುಡಿದವನ ಹಾಗೆ ವಾಲಾಡಿಕೊಂಡು ಹೋಯಿತು. ಆ ಹಲಗೆ ಈಗ ಅಟ್ಟದ ಮೇಲೆ ಡಬ್ಬಗಳನ್ನು ಹೊತ್ತುಕೊಂಡಿದೆ.

ಅಳತೆ ಸುಲಭ. ಅಗಲ ಬಡಗಿಗಳ ಲೆಕ್ಕದಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿ.ಮೀ. ಆಳ 7ರಿಂದ 8 ಮಿ.ಮೀ. ಟ್ರಿಮ್ಮರ್‌ಗೆ ಹಾಕುವ ಕೊರೆಯುವ ಅಲಗು, ಅಂದರೆ ಬಿಟ್ಟು, ಕಾರ್ಬೈಡ್‌ನದ್ದೇ ತನ್ನಿ. ಒಂದೇ ಏಟಿಗೆ ಪೂರ್ತಿ ಆಳ ಇಳಿಸಿದರೆ ಅಷ್ಟು ತೆಳ್ಳಗಿನ ಬಿಟ್ಟು ಪಟ್ಟೆಂದು ಮುರಿಯುತ್ತದೆ, ಎರಡು ಸಲ ಹೊಡೆಯಿರಿ. ಹಾಗೆಂದು ತೀರಾ ನಿಧಾನಿಸಿದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸುಟ್ಟು ಕಪ್ಪಾಗುತ್ತದೆ.

ಕೆಲಸವೆಲ್ಲ ಇರುವುದು ಯಂತ್ರವನ್ನು ಆನಿಸಿಕೊಂಡು ಹೋಗುವ ಪಟ್ಟಿಯಲ್ಲಿ. ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಪಾಲಿಕಾರ್ಬೊನೇಟ್ ಶೀಟಿನಿಂದ 6 ಮಿ.ಮೀ. ದಪ್ಪ, 12 ಮಿ.ಮೀ. ಅಗಲದ ಉದ್ದ ಪಟ್ಟಿ ಕತ್ತರಿಸಿಕೊಡುತ್ತಾರೆ. ಅಕ್ರಿಲಿಕ್ ಬೇಡ, ತಿರುವಿನಲ್ಲಿ ಮುರಿಯುತ್ತದೆ. ಪಟ್ಟಿಯನ್ನು ಬೇಕಾದ ಹಾಗೆ ಬಗ್ಗಿಸಿ, ಗೇಣಿಗೊಂದರಂತೆ ಸ್ಕ್ರೂ ಹಾಕಿ. ಟ್ರಿಮ್ಮರನ್ನು ಮುಂದಕ್ಕೆ ತಳ್ಳುವಾಗ ಪಟ್ಟಿ ನಿಮ್ಮ ಎಡಗಡೆಗೇ ಇರಬೇಕು. ಮೇಲಿನಿಂದ ನೋಡಿದರೆ ಬಿಟ್ಟು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಹಾಗಾಗಿ ಯಂತ್ರ ತಾನಾಗಿಯೇ ಎಡಕ್ಕೆ ಒತ್ತಿಕೊಳ್ಳುತ್ತದೆ. ಪಟ್ಟಿ ಬಲಗಡೆ ಇದ್ದರೆ ಯಂತ್ರ ಅದರಿಂದ ಆಚೆ ಓಡುತ್ತದೆ.

ಇನ್ನೊಂದು ತರಲೆ, ಟ್ರಿಮ್ಮರ್‌ನ ತಳ ಚೌಕವಾಗಿರುವುದು. ನೇರ ಗೆರೆಗೆ ತೊಂದರೆಯಿಲ್ಲ. ಪಟ್ಟಿ ಒಳಕ್ಕೆ ಬಾಗಿದ ಕಡೆ ತಳದ ಮೂಲೆಗಳು ತಗುಲಿ, ಬಿಟ್ಟು ದೂರ ಸರಿಯುತ್ತದೆ. ಅದಕ್ಕೆ ಅಕ್ರಿಲಿಕ್‌ನಲ್ಲಿ ದುಂಡನೆಯ ತಳ ಮಾಡಿಸಿ ಹಾಕಿದೆ. ಅದರ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟುಕೊಂಡು, ಯಾವಾಗಲೂ ಆ ಚುಕ್ಕೆಯೇ ಪಟ್ಟಿಗೆ ತಾಗುವಂತೆ ನಡೆಸಿ. ನಡುತೂತು ಎಷ್ಟೇ ಎಚ್ಚರದಿಂದ ಕೊರೆದರೂ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ.

ಎರಡನೇ ಲೇನ್‌ಗೆ ಪಟ್ಟಿಯೇ ಬೇಡ. ಅದೇ ತಳವನ್ನು ಒಂದು ಕಡೆ ಉದ್ದಕ್ಕೆ ಬಿಟ್ಟುಕೊಂಡು, ಬಿಟ್ಟಿನಿಂದ 90 ಮಿ.ಮೀ. ದೂರದಲ್ಲಿ 3 ಮಿ.ಮೀ. ದಪ್ಪದ ಉಕ್ಕಿನ ಪಿನ್ ಕೂರಿಸಿ. ಪಿನ್ ಮೊದಲ ಗ್ರೂವ್‌ನಲ್ಲಿ ಜಾರುತ್ತಾ ಹೋದಂತೆ ಎರಡನೆಯದು ಪಕ್ಕದಲ್ಲಿ ಬೀಳುತ್ತದೆ. ಬಿಟ್ಟು ಪಿನ್ನಿಗಿಂತ ಹಿಂದೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಲೇನ್‌ಗಳು ಹತ್ತಿರವಾಗುತ್ತವೆ. ಕಾರಿನ ಅಗಲ ಹೆಚ್ಚುಕಡಿಮೆ 56 ಮಿ.ಮೀ., ತಿರುವಿನಲ್ಲಿ ಹಿಂಭಾಗ ಬೀಸುತ್ತದಲ್ಲ, ಅದಕ್ಕೇ 90. ಮೊದಲ ಗ್ರೂವ್ ಡೊಂಕಾಗಿದ್ದರೆ ಎರಡನೆಯದೂ ಅಷ್ಟೇ ನಿಷ್ಠೆಯಿಂದ ಡೊಂಕಾಗುತ್ತದೆ, ನೆನಪಿರಲಿ.

ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ ಕಾಲೆಟ್. ನನ್ನ ದೊಡ್ಡ ತಪ್ಪು ಕಾಲೆಟ್‌ನದ್ದು. ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಹಿಡಿಯ ಬಿಟ್ಟು ಬಿಗಿದಿದ್ದೆ. ಬಿಗಿಯಾದ ಹಾಗೇ ಇತ್ತು. ಆದರೆ ಕಾಲು ಇಂಚು ಎಂದರೆ 6.35. ಓಡುತ್ತಾ ಓಡುತ್ತಾ ಬಿಟ್ಟು ಕೆಳಕ್ಕೆ ಜಾರಿ, 12 ಮಿ.ಮೀ. ಹಲಗೆಯನ್ನು ತೂತು ಮಾಡಿಕೊಂಡು ಕೆಳಗಿನ ಮೇಜನ್ನೂ ಗೀರಿತು. ತೂತಿಗೆ ಎಂ-ಸೀಲ್ ತುಂಬಿ, ಮಾರನೇ ದಿನ ಮತ್ತೆ ಹೊಡೆದೆ. ಬಣ್ಣದ ಮೇಲೆ ಗೊತ್ತಾಗುವುದಿಲ್ಲ.

ತೀರ್ಥಹಳ್ಳಿ ಎಂದು ಬರೆದಿದ್ದೀರಿ. ಆ ಮಳೆಗೆ ಮಾಮೂಲಿ ಎಂಡಿಎಫ್ ಉಬ್ಬುತ್ತದೆ, ಗ್ರೂವ್ ಬಿಗಿಯಾಗುತ್ತದೆ. ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆ ತನ್ನಿ, ಗ್ರೂವ್ ಒಳಗೂ ತೆಳ್ಳಗೆ ಸೀಲರ್ ಹಚ್ಚಿ. ಪ್ಲೈವುಡ್ಡಿನ ಅಂಚು ಕಿತ್ತು ಬರುತ್ತದೆ. ಧೂಳು ಮಾತ್ರ ವಿಪರೀತ, ಎನ್95 ಮಾಸ್ಕ್ ಬೇಕೇ ಬೇಕು. ನಾನು ತಾರಸಿಯ ಮೇಲೆ ಮಾಡಿ, ಪಕ್ಕದ ಮನೆಯವರ ಸಂಡಿಗೆಗೆಲ್ಲ ಹೊಟ್ಟು ಬೆರೆಸಿ ಬೈಸಿಕೊಂಡೆ.

ಸುತ್ತು ಕೂಡಿಸುವ ಜಾಗ ಯಾವಾಗಲೂ ನೇರದಲ್ಲಿರಲಿ. ಒಂದಡಿ ಬಾಕಿ ಇರುವಾಗ ನಿಲ್ಲಿಸಿ, ಎರಡೂ ತುದಿಗಳಿಗೆ ಹೊಂದುವಂತೆ ಪಟ್ಟಿ ಕೂರಿಸಿ ಆಮೇಲೆ ಹೊಡೆಯಿರಿ. ಕಾರಿಗೆ ಕರೆಂಟ್ ಕೊಡುವ ತಾಮ್ರದ ಟೇಪ್ ಅಂಟಿಸುವ ಮೊದಲು ಕಾರಿನ ಗೈಡ್ (ಗ್ರೂವ್ ಒಳಗೆ ಇಳಿಯುವ ನಾಲಿಗೆ) ಒಂದನ್ನು ಬಿಚ್ಚಿ, ಬೆರಳಿನಿಂದ ಒತ್ತಿಕೊಂಡು ಪೂರ್ತಿ ಒಂದು ಸುತ್ತು ಎಳೆಯಿರಿ. ತಡೆದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ, ಉಪ್ಪುಕಾಗದ ಮಡಚಿ ಉಜ್ಜಿ.